ಗ್ಯಾಲರಿಯಲ್ಲಿ ಕೂಗಿದವನು ಯಾರು?

2023ರ ಮೇ 21, ಭಾನುವಾರ ರಾತ್ರಿ. ಮಳೆಯಿಂದಾಗಿ ತಡವಾಗಿ ಶುರುವಾದ ಬೆಂಗಳೂರಿನ ಪಂದ್ಯದಲ್ಲಿ ವಿರಾಟ್ ಕೊಹ್ಲಿ ಶತಕ ಹೊಡೆದರು. ಗುಜರಾತ್ ಟೈಟನ್ಸ್‌ನ ಶುಭಮನ್ ಗಿಲ್ ಅದಕ್ಕೆ ಇನ್ನೊಂದು ಶತಕದಿಂದಲೇ ಉತ್ತರ ಕೊಟ್ಟು ಆರ್‌ಸಿಬಿಯನ್ನು ಆ ವರ್ಷದ ಐಪಿಎಲ್‌ನಿಂದ ಹೊರಗೆ ಕಳಿಸಿದರು. ಕೆಲವೇ ಗಂಟೆಗಳಲ್ಲಿ ಗಿಲ್ ಅವರ ಸಹೋದರಿಯ ಇನ್‌ಸ್ಟಾಗ್ರಾಂ ಖಾತೆಗೆ ಬೈಗುಳದ ಮಳೆ ಶುರುವಾಯಿತು. ಆಟವಾಡಿದ್ದು ಒಬ್ಬರು, ಬೈಸಿಕೊಂಡಿದ್ದು ಇನ್ನೊಬ್ಬರು. ಅಲ್ಲಿ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ದೆಹಲಿ ಮಹಿಳಾ ಆಯೋಗ ಮಧ್ಯೆ ಬರಬೇಕಾಯಿತು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಸ್ಪೇನಿನ ವೆಲೆನ್ಸಿಯಾ ನಗರದ ಮೆಸ್ತಾಯಾ ಕ್ರೀಡಾಂಗಣದಲ್ಲಿ ರಿಯಲ್ ಮ್ಯಾಡ್ರಿಡ್‌ನ ಆಟಗಾರ, ಬ್ರೆಜಿಲಿನ ಕಪ್ಪು ಹುಡುಗ ವಿನಿಸಿಯಸ್ ಜೂನಿಯರ್ ಗೋಲಿನ ಹಿಂದಿನ ಸ್ಟ್ಯಾಂಡಿನತ್ತ ಕೈ ತೋರಿಸಿ ರೆಫ್ರಿಗೆ ಹೇಳುತ್ತಿದ್ದರು: 'ಇವನೇ, ನೋಡಿ, ಇವನೇ.' ಅವರನ್ನು ಮಂಗ ಎಂದು ಕರೆಯಲಾಗಿತ್ತು. ಪಂದ್ಯ ಹಲವು ನಿಮಿಷ ನಿಂತಿತು, ಮತ್ತೆ ನಡೆಯಿತು. ಕೊನೆಗೆ ಎದುರಾಳಿಗಳ ಜೊತೆ ನಡೆದ ತಳ್ಳಾಟದಲ್ಲಿ ಕೆಂಪು ಕಾರ್ಡ್ ತೋರಿಸಿಕೊಂಡು ಮೈದಾನ ಬಿಟ್ಟವರು ವಿನಿಸಿಯಸ್ಸೇ. ಆ ಕಾರ್ಡ್ ಆಮೇಲೆ ರದ್ದಾಯಿತು.

ಎರಡೂ ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡುವುದಕ್ಕೆ ತಾರೀಕೊಂದೇ ಕಾರಣವಲ್ಲ. ವಿನಿಸಿಯಸ್ ಮಾಡಿದ ಆ ಕೈಸನ್ನೆಯೇ ಈ ಇಡೀ ಸಮಸ್ಯೆಯ ತಿರುಳು ಎಂದು ನನಗೆ ಅನ್ನಿಸುತ್ತದೆ. ಸಾವಿರಾರು ಬಾಯಿಗಳ ನಡುವೆ ಅವರು ಒಂದು ಬಾಯಿಯನ್ನು ಗುರುತಿಸಿ ತೋರಿಸಿದರು. ಕ್ರೀಡಾ ಸಂಸ್ಥೆಗಳು ದಶಕಗಳಿಂದ ಮಾಡದೆ ಬಿಟ್ಟ ಕೆಲಸ ಅದು.

ಆ ರಾತ್ರಿಯ ನಂತರದ ಗದ್ದಲ ನೋಡಿ. ಇಡೀ ಸ್ಟೇಡಿಯಮ್ಮೇ ಮಂಗ ಎಂದು ಕೂಗಿತು ಎಂದರು ಮ್ಯಾಡ್ರಿಡ್‌ನ ಕೋಚ್ ಕಾರ್ಲೊ ಆನ್ಚೆಲೊಟ್ಟಿ. ಇಲ್ಲ, ಹೆಚ್ಚಿನವರು ಕೂಗಿದ್ದು 'ತೊಂತೊ', ಅಂದರೆ ಪೆದ್ದ ಎಂದು ವೆಲೆನ್ಸಿಯಾದವರು ತಿರುಗಿಬಿದ್ದರು. ಸ್ಪ್ಯಾನಿಷ್‌ನಲ್ಲಿ ಮಂಗಕ್ಕೆ 'ಮೋನೊ' ಎನ್ನುತ್ತಾರೆ. ನಲವತ್ತು ಸಾವಿರ ಗಂಟಲುಗಳ ಗದ್ದಲದಲ್ಲಿ ತೊಂತೊ ಯಾವುದು, ಮೋನೊ ಯಾವುದು? ಆನ್ಚೆಲೊಟ್ಟಿ ಒಂದೆರಡು ದಿನದಲ್ಲೇ ತಮ್ಮ ಮಾತು ತಿದ್ದಿಕೊಂಡರು. ಆದರೆ ಅಷ್ಟರಲ್ಲಿ ಜಗಳದ ವಿಷಯವೇ ಬದಲಾಗಿತ್ತು. ಒಬ್ಬ ಆಟಗಾರನಿಗಾದ ಅವಮಾನದ ಜಾಗದಲ್ಲಿ ಒಂದು ಊರಿನ ಮಾನ ಬಂದು ಕೂತಿತ್ತು. ಸ್ಪೇನಿನ ಲೀಗ್ ಅಧ್ಯಕ್ಷ ಹವಿಯೆರ್ ತೆಬಾಸ್ ಅಂತೂ ಆ ದಿನವೇ ಟ್ವಿಟರಿನಲ್ಲಿ ವಿನಿಸಿಯಸ್‌ಗೇ ಬುದ್ಧಿ ಹೇಳಹೊರಟು, ಆಮೇಲೆ ಕ್ಷಮೆ ಕೇಳಿದರು.

ಶಿಕ್ಷೆಯೂ ಮೊದಲು ಗುಂಪಿಗೇ ಆಯಿತು. ಕ್ಲಬ್ಬಿಗೆ 45,000 ಯೂರೋ ದಂಡ, ಒಂದು ಸ್ಟ್ಯಾಂಡಿಗೆ ಐದು ಪಂದ್ಯ ಬೀಗ. ಮೇಲ್ಮನವಿಯಲ್ಲಿ ಅದು 27,000 ಯೂರೋ ಮತ್ತು ಮೂರು ಪಂದ್ಯಕ್ಕೆ ಇಳಿಯಿತು. ಕೋಟಿಗಟ್ಟಲೆ ವಹಿವಾಟಿನ ಕ್ಲಬ್ಬಿಗೆ ಇದು ಚಹಾ ಖರ್ಚು. ಬೀಗ ಹಾಕಿದ ಸ್ಟ್ಯಾಂಡಿನಲ್ಲಿ ಸೀಸನ್ ಟಿಕೆಟ್ ತೆಗೆದುಕೊಂಡಿದ್ದ, ಬಾಯಿ ತೆರೆಯದ ಮನುಷ್ಯನಿಗೆ ಮಾತ್ರ ನಿಜವಾದ ನಷ್ಟ.

ನಿಜವಾದ ತಿರುವು ಬಂದಿದ್ದು 2024ರ ಜೂನ್‌ನಲ್ಲಿ. ಮೆಸ್ತಾಯಾದಲ್ಲಿ ಕೂಗಿದ ಮೂವರಿಗೆ ನ್ಯಾಯಾಲಯ ಎಂಟು ತಿಂಗಳ ಸಜೆ ಮತ್ತು ಎರಡು ವರ್ಷ ಕ್ರೀಡಾಂಗಣ ನಿಷೇಧ ವಿಧಿಸಿತು. ಸ್ಪೇನಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆದ ಜನಾಂಗೀಯ ನಿಂದನೆಗೆ ಶಿಕ್ಷೆಯಾದದ್ದು ಅದೇ ಮೊದಲು. ಮೊದಲ ಸಲದ ಅಪರಾಧಕ್ಕೆ ಎರಡು ವರ್ಷಕ್ಕಿಂತ ಕಡಿಮೆ ಸಜೆಯಾದರೆ ಅಲ್ಲಿ ಸಾಮಾನ್ಯವಾಗಿ ಜೈಲಿಗೆ ಹೋಗಬೇಕಿಲ್ಲ, ಹಾಗಾಗಿ ಇವರೂ ಹೋಗಲಿಲ್ಲ. ಆದರೂ ಅದು ಸಣ್ಣ ವಿಷಯವಲ್ಲ. ಅಲ್ಲಿಯವರೆಗೆ ಲೀಗ್ ದೂರು ಕೊಡುವುದು, ಪ್ರಾಸಿಕ್ಯೂಟರು ಕಡತ ಮುಚ್ಚುವುದು ನಡೆದುಕೊಂಡು ಬಂದಿತ್ತು. ಸ್ವತಃ ಶಿಕ್ಷಿಸುವ ಅಧಿಕಾರ ತನಗಿಲ್ಲ, ದೂರು ಕೊಡುವುದಷ್ಟೇ ತನ್ನ ಕೈಯಲ್ಲಿರುವುದು ಎಂದು ಲೀಗ್ ಹೇಳುತ್ತಿತ್ತು. 2023ರ ಜನವರಿಯಲ್ಲಿ ಮ್ಯಾಡ್ರಿಡ್‌ನ ಸೇತುವೆಯೊಂದಕ್ಕೆ ವಿನಿಸಿಯಸ್ ಅಂಗಿ ತೊಡಿಸಿದ ಬೊಂಬೆಯನ್ನು ನೇಣು ಹಾಕಿದ್ದವರನ್ನು ಪೊಲೀಸರು ಹಿಡಿದದ್ದೂ ಮೆಸ್ತಾಯಾ ಗಲಾಟೆಯ ಎರಡು ದಿನಗಳ ನಂತರ. ನಾಲ್ಕು ತಿಂಗಳು ಸಿಗದವರು ಎರಡು ದಿನದಲ್ಲಿ ಸಿಕ್ಕಿದರು!

ಗುಂಪಿಗೆ ಹಾಕಿದ ದಂಡ ನಾಟುವುದಿಲ್ಲ ಎನ್ನುವುದಕ್ಕೆ ಸೋಫಿಯಾಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. 2019ರ ಅಕ್ಟೋಬರ್ 14ರಂದು ಬಲ್ಗೇರಿಯಾದ ರಾಜಧಾನಿಯಲ್ಲಿ ಇಂಗ್ಲೆಂಡಿನ ಕಪ್ಪು ಆಟಗಾರರ ಮೇಲೆ ಮಂಗನ ಕೂಗು ಎದ್ದಿತು. ಕೆಲವರು ನಾಜಿ ವಂದನೆ ಮಾಡಿದರು. ರೆಫ್ರಿ ಎರಡು ಸಲ ಆಟ ನಿಲ್ಲಿಸಿದರು. ಯುರೋಪಿನ ಫುಟ್‌ಬಾಲ್ ಸಂಸ್ಥೆಯ ಮೂರು ಹೆಜ್ಜೆಯ ನಿಯಮ ಅದು: ಮೊದಲು ಧ್ವನಿವರ್ಧಕದಲ್ಲಿ ಎಚ್ಚರಿಕೆ, ಆಮೇಲೆ ಆಟಗಾರರನ್ನು ಒಳಗೆ ಕರೆಸುವುದು, ಕೊನೆಗೆ ಪಂದ್ಯವನ್ನೇ ಕೈಬಿಡುವುದು. ವಿಪರ್ಯಾಸವೆಂದರೆ, ಅದೇ ವರ್ಷದ ಜೂನ್‌ನಲ್ಲಿ ಇಂಥದೇ ನಡವಳಿಕೆ ನಡೆದಿದ್ದಕ್ಕಾಗಿ ಆ ಕ್ರೀಡಾಂಗಣದ ಒಂದು ಭಾಗವನ್ನು ಅಂದು ಮೊದಲೇ ಮುಚ್ಚಲಾಗಿತ್ತು. ಶಿಕ್ಷೆ ಜಾರಿಯಲ್ಲಿದ್ದಾಗಲೇ, ಅದೇ ಅಂಗಳದಲ್ಲಿ, ಅದೇ ತಪ್ಪು. ಅದಕ್ಕೆ ಮತ್ತೆ 75,000 ಯೂರೋ ದಂಡ ಹಾಕಿದರು.

ಇಂಗ್ಲೆಂಡ್ ಈ ಪಾಠವನ್ನು ತಡವಾಗಿ, ಅದೂ ತಪ್ಪು ತಪ್ಪಾಗಿ ಕಲಿಯಿತು. 1988ರಲ್ಲಿ ಲಿವರ್‌ಪೂಲ್‌ನ ಜಾನ್ ಬಾರ್ನ್ಸ್, ಗ್ಯಾಲರಿಯಿಂದ ತನ್ನತ್ತ ಎಸೆದ ಬಾಳೆಹಣ್ಣನ್ನು ಹಿಮ್ಮಡಿಯಿಂದ ಗೆರೆಯಾಚೆ ಒದ್ದ ಚಿತ್ರ ಇಂದಿಗೂ ಪ್ರಸಿದ್ಧ. 1991ರಲ್ಲಿ ಜನಾಂಗೀಯ ಕೂಗನ್ನು ಅಪರಾಧವೆಂದು ಕಾನೂನು ಬಂತು. ಆದರೆ ಆ ಕಾನೂನು 'ಕೂಗು' ಎಂಬುದಕ್ಕೆ ಕೊಟ್ಟ ಅರ್ಥವೇ ವಿಚಿತ್ರ. ಒಬ್ಬ ಇನ್ನೊಬ್ಬರ ಜೊತೆ ಸೇರಿ ಕೂಗಿದರೆ ಮಾತ್ರ ತಪ್ಪು. ಒಬ್ಬನೇ ಎದ್ದು ನಿಂತು ಅದೇ ಮಾತನ್ನು ಕಿರುಚಿದರೆ ಈ ಕಲಂ ಅವನಿಗೆ ತಾಗುತ್ತಿರಲಿಲ್ಲ. ಗುಂಪನ್ನು ಹಿಡಿಯಲು ಹೆಣೆದ ಬಲೆಯಲ್ಲಿ ಒಂಟಿ ಮೀನು ನುಸುಳಿ ಹೋಗುತ್ತಿತ್ತು. ಒಬ್ಬನೇ ಕೂಗಿದರೂ ಅಪರಾಧ ಎಂದು ತಿದ್ದಲು 1999 ಬರಬೇಕಾಯಿತು.

ಹಾಗಾದರೆ ಒಬ್ಬನನ್ನು ಹಿಡಿದುಬಿಟ್ಟರೆ ಮುಗಿಯಿತೇ? ಹಿಡಿಯುವುದು ಎಷ್ಟು ಕಷ್ಟ ಎಂಬುದನ್ನು ನಾವು ಸಿಡ್ನಿಯಲ್ಲಿ ನೋಡಿದ್ದೇವೆ.

2021ರ ಜನವರಿ, ಮೂರನೇ ಟೆಸ್ಟ್. ತಂದೆ ತೀರಿಕೊಂಡರೂ ಪ್ರವಾಸ ಬಿಟ್ಟು ಊರಿಗೆ ಹೋಗದೆ ಉಳಿದಿದ್ದ ಮೊಹಮ್ಮದ್ ಸಿರಾಜ್ ಬೌಂಡರಿ ಗೆರೆಯ ಬಳಿ ಫೀಲ್ಡಿಂಗ್ ಮಾಡುತ್ತಿದ್ದಾಗ ಹಿಂದಿನಿಂದ ಬೈಗುಳ ಬಂತು. ಹಿಂದಿನ ದಿನವೂ ಅವರಿಗೆ ಮತ್ತು ಬುಮ್ರಾಗೆ ಹೀಗೇ ಆಗಿತ್ತು, ತಂಡ ದೂರು ಕೊಟ್ಟಿತ್ತು. 10ನೇ ತಾರೀಕು ಸಿರಾಜ್ ಸುಮ್ಮನಿರದೆ ಅಂಪೈರ್ ಬಳಿ ನಡೆದು ಹೋದರು. ಬೇಕಿದ್ದರೆ ಮೈದಾನ ಬಿಟ್ಟು ಹೋಗಬಹುದು ಎಂದು ಅಂಪೈರ್‌ಗಳು ಹೇಳಿದರಂತೆ. ತಪ್ಪು ನಮ್ಮದಲ್ಲ, ನಾವೇಕೆ ಹೋಗಬೇಕು ಎಂದು ನಾಯಕ ಅಜಿಂಕ್ಯ ರಹಾನೆ ಒಪ್ಪಲಿಲ್ಲ ಎಂದು ಸಿರಾಜ್ ಆಮೇಲೆ ಹೇಳಿದರು. ಪೊಲೀಸರು ಆರು ಮಂದಿಯನ್ನು ಹೊರಗೆ ಕರೆದೊಯ್ದರು, ಟಿವಿಯಲ್ಲಿ ಎಲ್ಲರೂ ನೋಡಿದರು, ನ್ಯಾಯ ಸಿಕ್ಕಿತು ಎಂದುಕೊಂಡೆವು.

ಕ್ರಿಕೆಟ್ ಆಸ್ಟ್ರೇಲಿಯಾ ನಂತರ ನಡೆಸಿದ ತನಿಖೆಯಲ್ಲಿ ಎರಡು ವಿಷಯ ಹೊರಬಂದವು. ಒಂದು, ಭಾರತದ ಆಟಗಾರರಿಗೆ ಜನಾಂಗೀಯ ನಿಂದನೆ ಆಗಿದ್ದು ನಿಜ. ಎರಡು, ಹೊರಗೆ ಹಾಕಿದ ಆ ಆರು ಮಂದಿ ಬೈದವರಲ್ಲ. ಮೊದಲನೆಯದು ನಮ್ಮಲ್ಲಿ ದೊಡ್ಡ ಸುದ್ದಿಯಾಯಿತು, ಎರಡನೆಯದು ಅಷ್ಟು ಆಗಲಿಲ್ಲ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಕಾಡುವ ವಿಷಯ. ನಿಜವಾಗಿ ಬೈದವರು ಆ ದಿನ ತಮ್ಮ ಕುರ್ಚಿಯಲ್ಲೇ ಕೂತು ಪಂದ್ಯ ನೋಡಿ ಮನೆಗೆ ಹೋಗಿರಬೇಕು.

ಇನ್ನು ಕನ್ನಡಿಯನ್ನು ನಮ್ಮ ಕಡೆ ತಿರುಗಿಸೋಣ. 2007ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ತಂಡ ಭಾರತಕ್ಕೆ ಬಂದಿತ್ತು. ವಡೋದರದಲ್ಲಿ ಆಂಡ್ರ್ಯೂ ಸೈಮಂಡ್ಸ್ ಬೌಂಡರಿ ಬಳಿ ನಿಂತಾಗ ಗ್ಯಾಲರಿಯಿಂದ ಮಂಗನ ಕೂಗು ಕೇಳಿಬಂತು. ಅದು ಹನುಮಂತನ ಸ್ಮರಣೆ ಎಂಬ ಸಮಜಾಯಿಷಿಯೂ ಬಂತು. ಓದಿ ನಗಬೇಕೋ ಅಳಬೇಕೋ ತಿಳಿಯದ ವಿವರಣೆ ಅದು. ಆರು ದಿನಗಳ ನಂತರ ಮುಂಬೈನ ವಾಂಖೆಡೆಯಲ್ಲಿ ಅದೇ ನಡೆಯಿತು. ಆದರೆ ಅಲ್ಲಿ ಒಂದು ವ್ಯತ್ಯಾಸವಿತ್ತು: ಮಂಗನ ಹಾಗೆ ಅಭಿನಯಿಸುತ್ತಿದ್ದವರು ಛಾಯಾಗ್ರಾಹಕರ ಕ್ಯಾಮೆರಾಗೆ ಸಿಕ್ಕಿಬಿದ್ದರು. ಮುಖ ಕಂಡಿತು, ಹನುಮಂತನ ನೆಪ ನಡೆಯಲಿಲ್ಲ, ನಾಲ್ವರನ್ನು ಪೊಲೀಸರು ಹಿಡಿದರು. ವಡೋದರದ ಸಾವಿರಾರು ಮಂದಿ ನಿರಪರಾಧಿಗಳಾಗಿ ಉಳಿದರು, ಮುಂಬೈನ ನಾಲ್ವರು ಸಿಕ್ಕರು.

ಇದಾಗಿ ಮೂರು ತಿಂಗಳೊಳಗೆ ಸಿಡ್ನಿ ಟೆಸ್ಟ್. ಹರ್ಭಜನ್ ಸಿಂಗ್ ಸೈಮಂಡ್ಸ್‌ಗೆ ಮಂಗ ಎಂದರೆಂಬ ಆರೋಪ, ಮ್ಯಾಚ್ ರೆಫ್ರಿ ಮೈಕ್ ಪ್ರಾಕ್ಟರ್ ಹಾಕಿದ ಮೂರು ಟೆಸ್ಟ್ ನಿಷೇಧ, ಪ್ರವಾಸವನ್ನೇ ಬಿಟ್ಟು ಬರುವ ಮಾತು. ಮೇಲ್ಮನವಿ ಕೇಳಿದ ನ್ಯೂಜಿಲೆಂಡಿನ ನ್ಯಾಯಾಧೀಶ ಜಾನ್ ಹ್ಯಾನ್ಸನ್ ಜನಾಂಗೀಯ ನಿಂದನೆ ಸಾಬೀತಾಗಿಲ್ಲವೆಂದು ನಿಷೇಧ ತೆಗೆದು, ಅವಾಚ್ಯ ಮಾತಿಗಾಗಿ ಪಂದ್ಯದ ಸಂಭಾವನೆಯ ಅರ್ಧ ದಂಡ ಹಾಕಿದರು. ಆ ಟೆಸ್ಟಿನ ಕೊನೆಗೆ ನಮ್ಮ ಅನಿಲ್ ಕುಂಬ್ಳೆ, ಮೈದಾನದಲ್ಲಿ ಒಂದೇ ತಂಡ ಕ್ರೀಡಾಸ್ಫೂರ್ತಿಯಿಂದ ಆಡುತ್ತಿತ್ತು ಎಂದರು. ಬೆಂಗಳೂರಿನಲ್ಲಿ ಕೂತು ಕೇಳಿದ ನಾವೆಲ್ಲ ಎದೆಯುಬ್ಬಿಸಿದೆವು. ಕುಂಬ್ಳೆ ಅಂದದ್ದು ಅಂದಿನ ಅಂಪೈರಿಂಗ್, ಕ್ಯಾಚು, ಅಪೀಲುಗಳ ಸಂದರ್ಭದಲ್ಲಿ. ಅದರಲ್ಲಿ ನ್ಯಾಯವೂ ಇತ್ತು. ಆದರೆ ಆ ಎದೆಯುಬ್ಬರದಲ್ಲಿ ವಡೋದರ ಮತ್ತು ಮುಂಬೈ ನಮಗೆ ಮರೆತೇಹೋದವು. ಸೈಮಂಡ್ಸ್‌ಗೆ ಅವು ಮರೆತಿರಲಿಲ್ಲ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಯುರೋಪಿನಲ್ಲಿ ಬೈದವನಿಗೆ ತಾನು ಬೈಯುತ್ತಿದ್ದೇನೆ ಎಂದು ಗೊತ್ತಿರುತ್ತದೆ. ಇಲ್ಲಿ ಎಷ್ಟೋ ಸಲ ಅದೂ ಗೊತ್ತಿರುವುದಿಲ್ಲ. ಕ್ರಿಸ್ ಗೇಲ್ ಆರ್‌ಸಿಬಿಯಲ್ಲಿದ್ದ ಕಾಲದಲ್ಲಿ ಚಿನ್ನಸ್ವಾಮಿಯ ಗ್ಯಾಲರಿಯಲ್ಲಿ ನನ್ನ ಹಿಂದಿನ ಸಾಲಿನಿಂದ 'ಹೊಡಿಯೋ ಕರಿಯಾ' ಎಂಬ ಕೂಗು ಬಂದಾಗ ನಾನೂ ನಕ್ಕಿದ್ದೇನೆ. ಆ ದನಿಯಲ್ಲಿ ದ್ವೇಷ ಇರಲಿಲ್ಲ. ಕರಿಯಪ್ಪ, ಕರಿಯಮ್ಮ, ಕರಿಬಸವ ಎಂದು ದೇವರಿಗೂ ಮಕ್ಕಳಿಗೂ ಹೆಸರಿಡುವ ನಾಡು ನಮ್ಮದು, ಪದದಲ್ಲೇನು ತಪ್ಪು ಎಂದು ಯಾರಾದರೂ ಕೇಳಬಹುದು. ಪದ ಯಾರ ಬಾಯಿಂದ ಯಾರ ಮೈಗೆ ಹೋಗುತ್ತದೆ ಎನ್ನುವುದರಲ್ಲಿದೆ ತಪ್ಪು. ನಮ್ಮ ಬೀದಿಯ ಕರಿಯಪ್ಪ ಅಂಗಡಿಗೆ ಬಂದರೆ ಅದು ಅವನ ಹೆಸರು. ಗೇಲ್‌ಗೆ ನಾವು ಕೊಟ್ಟದ್ದು ಹೆಸರಲ್ಲ, ಅವರಿಗೆ ಅರ್ಥವಾಗದ ಭಾಷೆಯಲ್ಲಿ, ಅವರ ಬೆನ್ನ ಹಿಂದೆ, ಅವರ ಚರ್ಮದ ಬಣ್ಣ.

ವೆಸ್ಟ್ ಇಂಡೀಸ್‌ನ ಡ್ಯಾರೆನ್ ಸ್ಯಾಮಿಗೆ ಆದದ್ದು ಇದೇ. ಸನ್‌ರೈಸರ್ಸ್ ಹೈದರಾಬಾದ್ ತಂಡದಲ್ಲಿದ್ದಾಗ ಜೊತೆಗಾರರು 'ಕಾಲೂ' ಎಂದು ಕರೆದರೆ, ಬಲಿಷ್ಠ ಕುದುರೆ ಎಂಬಂಥ ಮೆಚ್ಚುಗೆಯ ಮಾತಿರಬೇಕು ಎಂದು ಅವರು ನಂಬಿದ್ದರಂತೆ. 'ಕರಿಯ' ಎಂಬ ನಿಜವಾದ ಅರ್ಥ ತಿಳಿದಿದ್ದು 2020ರಲ್ಲಿ. ಜೊತೆಗಾರನೊಬ್ಬ ಮಾತಾಡಿ ಪ್ರೀತಿಯಿಂದ ಕರೆದದ್ದು ಎಂದಾಗ ಸ್ಯಾಮಿ ಒಪ್ಪಿಕೊಂಡರು. ಆದರೆ ಅರ್ಥ ತಿಳಿದ ದಿನ ಅವರಿಗೆ ಆದ ಸಿಟ್ಟು ಸುಳ್ಳಲ್ಲ. 2019ರಲ್ಲಿ ಡರ್ಬನ್‌ನಲ್ಲಿ ಪಾಕಿಸ್ತಾನದ ನಾಯಕ ಸರ್ಫರಾಜ್ ಅಹ್ಮದ್ ಉರ್ದುವಿನಲ್ಲಿ ದಕ್ಷಿಣ ಆಫ್ರಿಕಾದ ಆಟಗಾರನನ್ನು ಹೀಗೆಯೇ ಬಣ್ಣ ಹಿಡಿದು ಕರೆದದ್ದು ಸ್ಟಂಪ್ ಮೈಕಿಗೆ ಕೇಳಿಸಿತು, ನಾಲ್ಕು ಪಂದ್ಯ ನಿಷೇಧವಾಯಿತು. ಗ್ಯಾಲರಿಗೆ ಸ್ಟಂಪ್ ಮೈಕ್ ಇಲ್ಲ.

ಹೊರಗಿನಿಂದ ಬಂದ ಆಟಗಾರನ ಮಾತು ಬಿಡಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿಗಳು ತಲೆಮಾರುಗಳಿಂದ ಕನ್ನಡ, ಕೊಂಕಣಿ ಆಡುತ್ತ ಬದುಕಿದವರು. 1980ರ ದಶಕದ ಕೊನೆಗೆ ಕ್ರೀಡಾ ಪ್ರಾಧಿಕಾರ ಅವರ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಟ್ಟಿತು. ಆಫ್ರಿಕಾ ಮೂಲದವರು, ಓಟ ರಕ್ತದಲ್ಲೇ ಇರುತ್ತದೆ ಎಂಬ ಎಣಿಕೆ ಅದರ ಹಿಂದೆ ಇತ್ತು. ಕೆಲವರು ರಾಷ್ಟ್ರಮಟ್ಟದಲ್ಲಿ ಮಿಂಚಿದರು. ಕೆಲವೇ ವರ್ಷದಲ್ಲಿ ಯೋಜನೆ ನಿಂತುಹೋಯಿತು. 'ನೀವು ಯಾವ ದೇಶದವರು?' ಎಂಬ ಪ್ರಶ್ನೆ ಮಾತ್ರ ಅವರ ಬೆನ್ನು ಬಿಟ್ಟಿಲ್ಲ.

ಭಾರತದಲ್ಲಿ ಈ ನಿಂದನೆ ಬಣ್ಣದ ಜೊತೆಗೆ ಜಾತಿ, ಧರ್ಮ, ಮುಖಚಹರೆ ಎಲ್ಲವನ್ನೂ ಹಿಡಿಯುತ್ತದೆ, ಅದೂ ಸೋತ ದಿನವೇ ಬಾಲ ಬಿಚ್ಚುತ್ತದೆ. 2021ರ ಆಗಸ್ಟ್‌ನಲ್ಲಿ ಒಲಿಂಪಿಕ್ ಸೆಮಿಫೈನಲ್‌ನಲ್ಲಿ ಮಹಿಳಾ ಹಾಕಿ ತಂಡ ಅರ್ಜೆಂಟೀನಾ ಎದುರು ಸೋತಾಗ ಹರಿದ್ವಾರ ಬಳಿಯ ವಂದನಾ ಕಟಾರಿಯಾ ಮನೆ ಮುಂದೆ ಪಟಾಕಿ ಹೊಡೆದು, ತಂಡದಲ್ಲಿ ದಲಿತರು ಹೆಚ್ಚಾಗಿದ್ದಕ್ಕೇ ಸೋತಿದ್ದು ಎಂದು ಕೂಗಿದರೆಂದು ಕುಟುಂಬ ದೂರಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪಾಕಿಸ್ತಾನದ ಎದುರು ಹತ್ತು ವಿಕೆಟ್ ಸೋಲಿಗೆ ಮೊಹಮ್ಮದ್ ಶಮಿ ಗುರಿಯಾದರು. ಮರುವರ್ಷ ಏಷ್ಯಾ ಕಪ್‌ನಲ್ಲಿ ಕ್ಯಾಚ್ ಬಿಟ್ಟ ಅರ್ಷದೀಪ್ ಸಿಂಗ್ ಖಲಿಸ್ತಾನಿ ಎನಿಸಿಕೊಂಡರು. ಕ್ಯಾಚ್ ಬಿಟ್ಟವರು ನಮ್ಮಲ್ಲಿ ಕಡಿಮೆಯೇ? ಎಲ್ಲರ ದೇಶಭಕ್ತಿಯನ್ನು ನಾವು ಲೆಕ್ಕ ಹಾಕಲಿಲ್ಲ.

ಇವುಗಳಲ್ಲಿ ವಂದನಾ ಪ್ರಕರಣದಲ್ಲಿ ಬಂಧನಗಳಾದವು. ಕಾರಣ ಸರಳ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಎಂಬ ಹಲ್ಲಿರುವ ಕಾನೂನು ಇತ್ತು. ಜನಾಂಗೀಯ ನಿಂದನೆಗೆಂದೇ ಅಂಥ ಕಾನೂನು ನಮ್ಮಲ್ಲಿಲ್ಲ. 2014ರ ಜನವರಿಯಲ್ಲಿ ದೆಹಲಿಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ಹಲ್ಲೆಯಿಂದ ಸತ್ತ ಮೇಲೆ ನೇಮಿಸಿದ ಬೆಜ್‌ಬರುವಾ ಸಮಿತಿ, ದಂಡಸಂಹಿತೆಯಲ್ಲಿ ಇದಕ್ಕಾಗಿ ಹೊಸ ಕಲಂಗಳನ್ನು ಸೇರಿಸಲು ಶಿಫಾರಸು ಮಾಡಿತ್ತು. 2024ರ ಜುಲೈನಲ್ಲಿ ದಂಡಸಂಹಿತೆಯೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಆ ಕಲಂಗಳು ಅದರಲ್ಲೂ ಬರಲಿಲ್ಲ. ಹೀಗಾಗಿ ಈಶಾನ್ಯದ ಆಟಗಾರನೊಬ್ಬನನ್ನು ಗ್ಯಾಲರಿಯಿಂದ ಮುಖಚಹರೆ ಹಿಡಿದು 'ಚಿಂಕಿ' ಎಂದರೆ ಪೊಲೀಸರು ದ್ವೇಷ ಹರಡುವ ಕಲಮೋ, ಶಾಂತಿಭಂಗದ ಕಲಮೋ ಎಂದು ಬೇರೆ ಅಳತೆಯ ಅಂಗಿ ಹುಡುಕಬೇಕು. ಆತ ಪರಿಶಿಷ್ಟ ಪಂಗಡದವನಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆ ನೆರವಿಗೆ ಬಂದೀತು. ಐವರಿ ಕೋಸ್ಟ್‌ನಿಂದ ಬಂದವನಿಗೆ ಅದೂ ಇಲ್ಲ. 2024ರ ಮಾರ್ಚ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಅರೀಕೋಡ್ ಬಳಿ ಸೆವೆನ್ಸ್ (ಏಳು ಜನರ ತಂಡಗಳ) ಫುಟ್‌ಬಾಲ್ ಪಂದ್ಯದಲ್ಲಿ ಆ ದೇಶದ ಆಟಗಾರನೊಬ್ಬನನ್ನು ಪ್ರೇಕ್ಷಕರು ಅಟ್ಟಿಸಿಕೊಂಡು ಹೊಡೆದ ವಿಡಿಯೊ ಹರಿದಾಡಿತು. ಬಣ್ಣ ಹಿಡಿದು ಬೈದರು ಎಂದು ಆತ ಪೊಲೀಸರಿಗೆ ದೂರು ಕೊಟ್ಟ. ಗಮನಿಸಿ, ಇದು ಫುಟ್‌ಬಾಲನ್ನು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುವ ಜಿಲ್ಲೆ.

ಮೊಬೈಲಿನಲ್ಲಿ ಬೈಯುವವರ ವಿಷಯಕ್ಕೆ ಬಂದರೆ, ಹೆಸರು ಮುಚ್ಚಿಕೊಂಡವರೇ ಇದನ್ನೆಲ್ಲ ಮಾಡುವುದು ಎಂಬ ನಂಬಿಕೆ ಗಟ್ಟಿಯಾಗಿದೆ. 2021ರ ಜುಲೈ 11ರಂದು ಯುರೋಪಿನ ಫುಟ್‌ಬಾಲ್ ಟೂರ್ನಿ ಯೂರೋ ಕಪ್‌ನ ಫೈನಲ್‌ನಲ್ಲಿ ಪೆನಾಲ್ಟಿ ತಪ್ಪಿಸಿಕೊಂಡ ಇಂಗ್ಲೆಂಡಿನ ಕಪ್ಪು ಆಟಗಾರರಾದ ರ‍್ಯಾಶ್‌ಫರ್ಡ್, ಸ್ಯಾಂಚೊ, ಸಾಕಾ ಮೂವರಿಗೂ ಬಂದ ನಿಂದನೆಯನ್ನು ಟ್ವಿಟರ್ ಪರಿಶೀಲಿಸಿತು. ಆ ಕಾರಣಕ್ಕೆ ಕಾಯಂ ಮುಚ್ಚಿದ ಖಾತೆಗಳಲ್ಲಿ 99% ಖಾತೆಗಳ ಹಿಂದಿದ್ದವರು ಗುರುತಿಸಬಹುದಾದವರೇ ಎಂದು ಅದು ಹೇಳಿತು. ಅಂದರೆ ಮುಖ ಅಲ್ಲೇ ಇದೆ, ನೋಡುವವರು ಬೇಕು. ಇಂಗ್ಲೆಂಡ್ ನೋಡಿತು, ಬಂಧನಗಳಾದವು. ಆನ್‌ಲೈನ್‌ನಲ್ಲಿ ಬೈದವನಿಗೂ ಕ್ರೀಡಾಂಗಣ ನಿಷೇಧ ಹಾಕುವಂತೆ ನಂತರ ಕಾನೂನು ಹಿಗ್ಗಿಸಿದರು.

ನಮ್ಮ ಕ್ರೀಡಾಂಗಣಗಳಲ್ಲಿ ಏನು ಸಾಧ್ಯ? ನ್ಯೂಜಿಲೆಂಡ್ 2019ರಲ್ಲಿ ಜೋಫ್ರಾ ಆರ್ಚರ್‌ಗೆ ಬೈದವನನ್ನು ಹುಡುಕಿ ಎರಡು ವರ್ಷ ಮೈದಾನದಿಂದ ದೂರವಿಟ್ಟಿತು. ಬರ್ಮಿಂಗ್‌ಹ್ಯಾಮ್‌ನ ಎಜ್‌ಬಾಸ್ಟನ್‌ನಲ್ಲಿ 2022ರ ಜುಲೈ ಟೆಸ್ಟ್ ನೋಡಲು ಹೋಗಿದ್ದ ಭಾರತೀಯರ ಮೇಲೆ ನಿಂದನೆಯಾದಾಗ ಒಬ್ಬನ ಬಂಧನವಾಯಿತು. ಅಲ್ಲಿ ಮುಂದಿನ ಟಿ20ಗೆ ಪ್ರೇಕ್ಷಕರ ನಡುವೆಯೇ ಸಾಮಾನ್ಯ ಬಟ್ಟೆಯಲ್ಲಿ ಕಾವಲಿನವರನ್ನು ಕೂರಿಸಿದರು. ಇಲ್ಲಿ ಟಿಕೆಟ್ ಮೇಲಿನ ಸೀಟ್ ನಂಬರಿಗೂ ಕೂತ ಮನುಷ್ಯನಿಗೂ ಸಂಬಂಧವೇ ಇರುವುದಿಲ್ಲ. ಪಾಸು ಕೈಯಿಂದ ಕೈಗೆ ಹೋಗಿ, ಪರಿಚಯದ ಪೊಲೀಸಪ್ಪನ ಕೃಪೆಯಿಂದ ಇನ್ನಾರೋ ಒಳಗೆ ಬಂದು, ಮೂರು ಸೀಟಿನಲ್ಲಿ ಐದು ಜನ ಕೂತಿರುತ್ತಾರೆ. 2025ರ ಜೂನ್ 4ರಂದು ಚಿನ್ನಸ್ವಾಮಿಯ ಗೇಟಿನ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಬಂದವರೆಷ್ಟು ಎಂಬ ಅಂದಾಜೇ ತಪ್ಪಿದ ಕಡೆ, ಕೂಗಿದವನಾರು ಎಂದು ಕೇಳಿದರೆ ಉತ್ತರ ಎಲ್ಲಿಂದ ಬರಬೇಕು? ಸೀಟಿಗೊಂದು ಹೆಸರು, ಪಕ್ಕದವನು ದೂರು ಕೊಡಲು ಪ್ರತಿ ಸ್ಟ್ಯಾಂಡಿನಲ್ಲಿ ದೊಡ್ಡದಾಗಿ ಬರೆದ ಒಂದು ನಂಬರು: ಇವೆರಡಕ್ಕೆ ಯಾವ ಹೊಸ ಕಾನೂನೂ ಬೇಕಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೆ ತಿರುಗಿ ಬಡಿಯುವ ಒಂದು ಪ್ರಕರಣವನ್ನೂ ಹೇಳಲೇಬೇಕು. ಆಡಂ ಗುಡ್ಸ್ ಆಸ್ಟ್ರೇಲಿಯಾದ ಮೂಲನಿವಾಸಿ, ಅಲ್ಲಿನ ಫುಟ್‌ಬಾಲಿನ ಅತಿ ದೊಡ್ಡ ಆಟಗಾರರಲ್ಲಿ ಒಬ್ಬರು. ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ರೌನ್‌ಲೊ ಪದಕವನ್ನು ಎರಡು ಸಲ ಗೆದ್ದವರು. 2013ರ ಮೇನಲ್ಲಿ, ಮೂಲನಿವಾಸಿಗಳ ಗೌರವಾರ್ಥ ನಡೆಯುತ್ತಿದ್ದ ಸುತ್ತಿನಲ್ಲೇ, ಮೆಲ್ಬರ್ನ್ ಮೈದಾನದ ಬೇಲಿಯಾಚೆಯಿಂದ ಯಾರೋ ಅವರನ್ನು ವಾನರ ಎಂದರು. ಗುಡ್ಸ್ ನಿಂತರು, ತಿರುಗಿದರು, ಬೆರಳು ತೋರಿಸಿದರು. ಮೆಸ್ತಾಯಾದಲ್ಲಿ ಹತ್ತು ವರ್ಷಗಳ ನಂತರ ವಿನಿಸಿಯಸ್ ಮಾಡಿದ ಹಾಗೆಯೇ. ಕಾವಲಿನವರು ಕರೆದೊಯ್ದದ್ದು ಹದಿಮೂರು ವರ್ಷದ ಹುಡುಗಿಯನ್ನು. ಮರುದಿನ ಗುಡ್ಸ್, ಆ ಮಗುವನ್ನು ದೂರಬೇಡಿ, ಆಕೆಗೆ ಬೇಕಾದದ್ದು ಆಸರೆ ಎಂದರು.

ಅಲ್ಲಿಂದ ಶುರುವಾದದ್ದು ಬೇರೆಯೇ. ಗುಡ್ಸ್ ಚೆಂಡು ಮುಟ್ಟಿದಾಗಲೆಲ್ಲ ಗ್ಯಾಲರಿ ಬೂ ಎಂದು ಊಳಿಡತೊಡಗಿತು. ಊರಿಂದೂರಿಗೆ, ವಾರದಿಂದ ವಾರಕ್ಕೆ. ಅದರಲ್ಲಿ ಪದವಿಲ್ಲ, ಬಣ್ಣದ ಮಾತಿಲ್ಲ, ಯಾವ ಕಲಮಿಗೂ ಸಿಗುವಂಥದ್ದೇನಿಲ್ಲ. ಆತ ಫ್ರೀಕಿಕ್‌ಗಾಗಿ ಬೀಳುತ್ತಾನೆ, ಅದಕ್ಕೇ ಬೂ ಎನ್ನುತ್ತೇವೆ ಎಂದರು ಕೆಲವರು. ಮಗುವನ್ನು ಎತ್ತಿ ತೋರಿಸಿದ್ದಕ್ಕೆ ಎಂದರು ಇನ್ನು ಕೆಲವರು. ಯಾರೊಬ್ಬರ ಕಡೆಗೂ ಬೆರಳು ತೋರಿಸುವ ಹಾಗಿರಲಿಲ್ಲ, ಏಕೆಂದರೆ ಎಲ್ಲರೂ ಕೂಗುತ್ತಿದ್ದರು. 2014ರಲ್ಲಿ ದೇಶ ಅವರನ್ನು 'ವರ್ಷದ ಆಸ್ಟ್ರೇಲಿಯನ್' ಎಂದು ಗೌರವಿಸಿತು, ಗ್ಯಾಲರಿ ಇನ್ನೂ ಜೋರಾಗಿ ಕೂಗಿತು. 2015ರಲ್ಲಿ ಅವರು ಆಟ ಬಿಟ್ಟರು. 2019ರಲ್ಲಿ ಲೀಗ್ ಮತ್ತು ಅದರ 18 ಕ್ಲಬ್ಬುಗಳು ಕ್ಷಮೆ ಕೇಳಿದವು. 2021ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಳ್ಳಲು ಕರೆದಾಗ ಗುಡ್ಸ್ ಬೇಡ ಎಂದರು.